ಬೋಳು ಹೆರಾಲ್ಡಿನ ಮುಂಗಾಲು

ನಮ್ಮ ಮನೆಯ ಕಾರಿಗೆ ಸೂರಿಲ್ಲ. ಮೊದಲು ಇತ್ತು. 1981ರ ಒಂದು ಭಾನುವಾರ ಅಬ್ಬಾ ಅದರ ಬೋಲ್ಟುಗಳನ್ನು ಬಿಚ್ಚಿ, ಪಕ್ಕದ ಮನೆಯ ಇಬ್ಬರು ಹುಡುಗರ ಕೈಯಲ್ಲಿ ಎತ್ತಿಸಿ, ಹಳೆಯ ಜಮಖಾನೆ ಸುತ್ತಿ ಹಿತ್ತಿಲ ಗೋಡೆಗೆ ಒರಗಿಸಿಬಿಟ್ಟರು. ಅಂದಿನಿಂದ ತಿಲಕ್‌ನಗರದ ನಮ್ಮ ಓಣಿಯಲ್ಲಿ ಅದಕ್ಕೆ ‘ಬೋಳು ಕಾರು’ ಎಂದೇ ಹೆಸರು. ಅಮ್ಮಿಗೆ ಆ ಹೆಸರು ಹಿಡಿಸಲಿಲ್ಲ. ಮಳೆ ಬಂದಾಗ ನೆನೆಯುವವರು ಅವರೇ ಆದ್ದರಿಂದ ಸೂರು ಹೋದದ್ದು ಅದಕ್ಕಿಂತಲೂ ಹಿಡಿಸಲಿಲ್ಲ.

ಕಾರು ಸ್ಟ್ಯಾಂಡರ್ಡ್ ಹೆರಾಲ್ಡ್. 1965ರದು, ಎರಡು ಬಾಗಿಲಿನದು. ಸ್ಪೋರ್ಟ್ಸ್ ಕಾರು ಎಂದರೆ ಓದುಗರ ಕಣ್ಣಿಗೆ ನೆಲಕ್ಕೆ ಅಂಟಿಕೊಂಡ ಕೆಂಪು ಬಣ್ಣದ್ದೇನೋ ಬಂದೀತು. ನಮ್ಮದು ಹಾಗೇನಿಲ್ಲ. ಆದರೂ ಅಬ್ಬಾ ಅದನ್ನು ಸ್ಪೋರ್ಟ್ಸ್ ಕಾರು ಎಂದೇ ಕರೆಯುತ್ತಿದ್ದರು, ಅದಕ್ಕೆ ಅವರ ಬಳಿ ದಾಖಲೆಯೂ ಇತ್ತು. ಟ್ರಯಂಫ್ ಹೆರಾಲ್ಡ್ ಇಂಗ್ಲೆಂಡಿನಲ್ಲಿ ಹೊರಬಂದದ್ದು 1959ರಲ್ಲಿ. ಇಟಲಿಯ ಮಿಕೆಲೋತ್ತಿ ಅದರ ರೂಪ ಬರೆದವರು. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಕಂಪೆನಿ ಅದನ್ನು ನಮ್ಮಲ್ಲಿ ತಯಾರಿಸತೊಡಗಿತು. ಮರುವರ್ಷ ಅದೇ ಇಂಗ್ಲಿಷ್ ಕಂಪೆನಿ ಅದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ, ಮೇಲೆ ಎರಡು ಸೀಟಿನ ತೆರೆದ ಮೈ ಕೂರಿಸಿ, ಸ್ಪಿಟ್‌ಫೈರ್ ಎಂದು ಹೆಸರಿಟ್ಟು ಜಗತ್ತಿಗೆಲ್ಲ ಮಾರಿತು. ಮುಂದಿನ ಸ್ಪ್ರಿಂಗು, ಶಾಕು, ಹಿಂದಿನ ಪಟ್ಟಿ, ಆಕ್ಸಲ್ಲಿನ ರೀತಿ ಎಲ್ಲ ಹೆರಾಲ್ಡಿನದೇ. ‘ಅದು ಇದರ ತಮ್ಮ. ತಮ್ಮ ಸ್ಪೋರ್ಟ್ಸ್ ಕಾರಾದರೆ ಅಣ್ಣ ಯಾಕಾಗಬಾರದು?’ ಇದು ಅಬ್ಬಾ ಅವರ ವಾದ. ಹೆರಾಲ್ಡಿನ ಮೈ ತುಂಡು ತುಂಡಾಗಿ ಚಾಸಿಗೆ ಬೋಲ್ಟು ಮಾಡಿದ್ದಾದ್ದರಿಂದ ಸೂರನ್ನು ಬಿಚ್ಚುವುದು ಸುಲಭ. ಹಾಗಾಗಿ ವಾದವನ್ನು ಅವರು ಸ್ಪ್ಯಾನರ್ ಹಿಡಿದು ಸಾಧಿಸಿಯೂ ಬಿಟ್ಟರು.

ಅಬ್ಬಾ ಆಡುಗೋಡಿಯ ಮೈಕೋದಲ್ಲಿ ಟೂಲ್‌ರೂಮಿನಲ್ಲಿದ್ದರು. ಕೂದಲೆಳೆಯ ಹತ್ತನೇ ಒಂದು ಪಾಲನ್ನೂ ಅಳೆದು ಕೆಲಸ ಮಾಡುವ ಜಾಗ ಅದು. 1978ರಲ್ಲಿ ಬಸವನಗುಡಿಯ ಒಬ್ಬ ಡಾಕ್ಟರರಿಂದ ಈ ಕಾರನ್ನು ಕೊಂಡರು. ಮೈಕೋದ ಗೆಳೆಯರ ಗುಂಪಿನೊಂದಿಗೆ ಪ್ರತಿವರ್ಷ ಮದರಾಸಿನ ರೈಲು ಹತ್ತಿ ಶೋಲಾವರಂನ ಹಳೆಯ ವಿಮಾನ ಪಟ್ಟಿಯ ಮೇಲೆ ನಡೆಯುವ ರೇಸು ನೋಡಿ ಬರುತ್ತಿದ್ದರು. ಅಲ್ಲಿ ಹೆರಾಲ್ಡುಗಳು ಓಡುತ್ತಿದ್ದವು. ಬೆಂಗಳೂರಿಗೆ ಬಂದ ಮೇಲೆ ಒಂದು ವಾರ ಅವರು ಸೌತ್ ಎಂಡ್ ಸರ್ಕಲ್ಲನ್ನು ಸುತ್ತುವ ರೀತಿಯೇ ಬೇರೆ.

ನಮ್ಮದು ಮೂವರು ಮಕ್ಕಳ ಮನೆ. ಭಾಯಿಜಾನ್, ಆಪಾ, ಆಮೇಲೆ ಈ ಬರಹ ಬರೆಯುತ್ತಿರುವ ಕೈ. 2009ರಲ್ಲಿ ಅಬ್ಬಾ ತೀರಿಕೊಂಡಾಗ ಮನೆಯ ಪಾಲಿನ ಮಾತು ಅರ್ಧ ಗಂಟೆಯಲ್ಲಿ ಮುಗಿದಿತ್ತು. ಕಾರಿನ ಮಾತನ್ನು ಯಾರೂ ಎತ್ತಲಿಲ್ಲ. ಅದು ತಾನಾಗಿ ಭಾಯಿಜಾನರ ಪಾಲಿಗೆ ಬಂತು, ಏಕೆಂದರೆ ನಲವತ್ತು ದಿನ ಕಳೆಯುವ ಮುನ್ನವೇ ಅವರು ಅದನ್ನು ತೊಳೆಯಲು ಶುರುಮಾಡಿದ್ದರು.

ಅಂದಿನಿಂದ ಹದಿನಾಲ್ಕು ವರ್ಷ ಅವರು ಆ ಕಾರನ್ನು ನೋಡಿಕೊಂಡ ಬಗೆ ನಮಗೆಲ್ಲ ಗೊತ್ತು. ಸ್ವಭಾವದಲ್ಲಿ ಅವರು ಬ್ಯಾಂಕಿನವರು. ಲೆಕ್ಕಕ್ಕೆ ತಪ್ಪದವರು. ರಂಜಾನಿನ ಕೊನೆಯ ದಿನ, ಚಾಂದ್ ರಾತ್‌ನ ಸಂಜೆ, ಮನೆಯ ಹೆಂಗಸರು ಮೆಹಂದಿಗೆ ಕೂರುವ ಹೊತ್ತಿಗೆ ಅವರು ಹಳೆಯ ಲುಂಗಿ ಉಟ್ಟು ಕಾರಿನ ಕೆಳಗೆ ಹೋಗುತ್ತಿದ್ದರು. ಅಬ್ಬಾ ಅವರ ಗ್ರೀಸ್ ಗನ್ನು ತೆಗೆದು, ಮುಂದಿನ ಎರಡೂ ಚಕ್ರಗಳ ಹಿಂದಿರುವ ನಿಪ್ಪಲ್ಲಿಗೆ ಒತ್ತಿ, ಹೊಸ ಗ್ರೀಸು ಹೊರಗೆ ಉಬ್ಬಿ ಬರುವ ತನಕ ತುಂಬುತ್ತಿದ್ದರು. ಒಂದು ವರ್ಷವೂ ತಪ್ಪಿಸಲಿಲ್ಲ. ಕೊರೊನಾದ 2020ರಲ್ಲಿ ಈದ್ ನಮಾಜನ್ನು ಮನೆಯಲ್ಲೇ ಮಾಡಿದೆವು, ಕಾರು ಬಾಗಿಲಿನಿಂದ ಕದಲಲಿಲ್ಲ, ಆದರೂ ಗ್ರೀಸು ತಪ್ಪಲಿಲ್ಲ.

2023ರ ನವೆಂಬರಿನ ಒಂದು ಭಾನುವಾರ ಅಮ್ಮಿಯನ್ನು ಅವರ ತಂಗಿಯ ಮನೆಗೆ ಕರೆದುಕೊಂಡು ಹೊರಟೆವು. ಬನಶಂಕರಿ ಎರಡನೇ ಹಂತದ ಒಂದು ಅಡ್ಡರಸ್ತೆ. ಅಲ್ಲೊಂದು ಹಂಪು. ರಸ್ತೆ ಉಬ್ಬು ಹೇಗಿರಬೇಕೆಂದು ಇಂಡಿಯನ್ ರೋಡ್ ಕಾಂಗ್ರೆಸ್ಸಿನ ನಿಯಮವೇ ಇದೆ: 3.7 ಮೀಟರ್ ಅಗಲ, ಹತ್ತು ಸೆಂಟಿಮೀಟರ್ ಎತ್ತರ, ಗಂಟೆಗೆ 25 ಕಿ.ಮೀ. ವೇಗದಲ್ಲಿ ಹಾಯಾಗಿ ದಾಟುವಂಥ ದುಂಡು. ನಮ್ಮ ಬಡಾವಣೆಗಳ ಉಬ್ಬುಗಳನ್ನು ಹಾಕುವವರಿಗೆ ಆ ಪುಸ್ತಕದ ಪರಿಚಯವಿದ್ದಂತಿಲ್ಲ. ಡಾಂಬರು ಉಳಿದಷ್ಟೂ ಸುರಿದು, ಮೇಲೊಂದು ರೋಲರ್ ಓಡಿಸಿ ಹೊರಟುಬಿಡುತ್ತಾರೆ. ಭಾಯಿಜಾನ್ ಎಂದಿನಂತೆ ಮೊದಲ ಗೇರಿನಲ್ಲಿ, ನಡೆದುಹೋಗುವವನ ವೇಗದಲ್ಲಿ, ಉಬ್ಬನ್ನು ಓರೆಯಾಗಿ ಏರಿಸಿದರು. ಎಡಕ್ಕೆ ಸ್ಟಿಯರಿಂಗ್ ತಿರುಗಿಸುತ್ತ ಇಳಿಸಿದರು. ‘ಟಕ್’ ಎಂದಿತು. ಅಷ್ಟೇ, ದೊಡ್ಡ ಶಬ್ದವೇನಲ್ಲ. ತೆಂಗಿನಕಾಯಿ ಒಡೆದಷ್ಟು. ಕಾರಿನ ಎಡ ಮುಂಭಾಗ ಮೊಣಕಾಲೂರಿದ ಎತ್ತಿನಂತೆ ಕುಸಿಯಿತು. ಇಳಿದು ನೋಡಿದರೆ ಚಕ್ರ ಫೆಂಡರಿನ ಕೆಳಗೆ ಅಡ್ಡ ಮಲಗಿತ್ತು.

ಯಾರಿಗೂ ಏನೂ ಆಗಲಿಲ್ಲ. ಅಮ್ಮಿಗೆ ಎರಡೂ ಕಣ್ಣು ಮಬ್ಬು. ‘ಪಂಕ್ಚರಾ?’ ಎಂದು ಕೇಳಿದರು. ನಾವು ಹೌದೆಂದೆವು. ಹತ್ತು ನಿಮಿಷದ ಹಿಂದೆ ಕನಕಪುರ ರಸ್ತೆಯ ಮೇಲೆ ನಾಲ್ಕನೇ ಗೇರಿನಲ್ಲಿ ಬಸ್ಸುಗಳ ನಡುವೆ ಬಂದಿದ್ದೆವು. ಇದೇ ‘ಟಕ್’ ಅಲ್ಲಿ ಆಗಿದ್ದರೆ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಭಾಯಿಜಾನ್ ಫುಟ್‌ಪಾತಿನ ಕಲ್ಲಿನ ಮೇಲೆ ಕೂತು ಕರವಸ್ತ್ರದಿಂದ ಕೈ ಒರೆಸುತ್ತಲೇ ಇದ್ದರು.

ಕಾರು ಗುರಪ್ಪನಪಾಳ್ಯಕ್ಕೆ ಹೋಯಿತು, ಉಸ್ತಾದರ ಶೆಡ್ಡಿಗೆ. ಎಪ್ಪತ್ತು ದಾಟಿದ ಈ ಉಸ್ತಾದರು ಅಬ್ಬಾ ಅವರ ಕಾಲದವರು. ಹನ್ನೊಂದನೇ ವಯಸ್ಸಿಗೆ ಶಿವಾಜಿನಗರದ ಒಂದು ಗ್ಯಾರೇಜಿನಲ್ಲಿ ನಟ್ಟು ತೊಳೆಯಲು ಕೂತವರು. ಐ.ಟಿ.ಐ. ಇಲ್ಲ, ಸರ್ಟಿಫಿಕೇಟ್ ಇಲ್ಲ. 2006ರ ಸಾಚಾರ್ ವರದಿ ಮುಸ್ಲಿಮರು ಸಂಬಳದ ನೌಕರಿಗಿಂತ ಸ್ವಂತ ದುಡಿಮೆಯಲ್ಲಿ ಹೆಚ್ಚಾಗಿದ್ದಾರೆ ಎಂದು ಹೇಳಿತಲ್ಲ, ವಾಹನ ರಿಪೇರಿಯೂ ಆ ದುಡಿಮೆಗಳಲ್ಲೊಂದು. ಆ ವರದಿಯ ಸಾಲನ್ನು ಓದುವಾಗಲೆಲ್ಲ ನಮಗೆ ಉಸ್ತಾದರ ಅಂಗೈ ನೆನಪಾಗುತ್ತದೆ. ರೇಖೆಗಳ ಒಳಗೆ ಕಪ್ಪು ಇಳಿದು ಭೂಪಟದಂತಿರುವ ಕೈ.

ಹೆರಾಲ್ಡಿನ ಒಂದು ಸೊಗಸು ಅದರ ಬಾನೆಟ್ಟು. ಫೆಂಡರು, ದೀಪ ಸಮೇತ ಇಡೀ ಮೂತಿಯೇ ಮುಂದಕ್ಕೆ ಮಗುಚುತ್ತದೆ. ಆಗ ಮುಂದಿನ ಟೈರಿನ ಮೇಲೆ ಆರಾಮವಾಗಿ ಕೂತು ಎಂಜಿನ್ ಕೆಲಸ ಮಾಡಬಹುದು. ಉಸ್ತಾದರು ಬಲಗಡೆಯ ಟೈರಿನ ಮೇಲೆ ಕೂತು, ಎಡಗಡೆಯ ಮುರಿದ ತುಂಡನ್ನು ತರಿಸಿ ನೋಡಿದರು. ಸೀಮೆಎಣ್ಣೆಯಲ್ಲಿ ತೊಳೆದರು, ಮತ್ತೆ ನೋಡಿದರು.

ಇಲ್ಲಿ ಸ್ವಲ್ಪ ವಿವರ ಬೇಕಾಗುತ್ತದೆ. ಚಕ್ರವನ್ನು ಹಿಡಿದಿರುವ ನೆಟ್ಟಗಿನ ಉಕ್ಕಿನ ಕಂಬವೊಂದಿದೆ. ಅದರ ಕೆಳತುದಿಗೆ ಸ್ಕ್ರೂವಿನಂತೆ ಥ್ರೆಡ್ಡು. ಆ ತುದಿ ಹಿತ್ತಾಳೆಯಂಥ ಲೋಹದ ಒಂದು ಗಿಡ್ಡ ಗಟ್ಟಿಯೊಳಗೆ ಕೂರುತ್ತದೆ. ಆ ಗಟ್ಟಿಗೆ ಟ್ರನಿಯನ್ ಎಂದು ಹೆಸರು. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಕಂಬ ಆ ಥ್ರೆಡ್ಡಿನೊಳಗೆ ತಿರುಗುತ್ತದೆ. ಎಡಗಡೆಯದಕ್ಕೂ ಬಲಗಡೆಯದಕ್ಕೂ ಥ್ರೆಡ್ಡಿನ ದಿಕ್ಕು ಬೇರೆ, ಅದಲು ಬದಲಾಗುವಂತಿಲ್ಲ. ಕಾರಿನ ಮುಂಭಾಗದ ಭಾರ, ಬ್ರೇಕಿನ ಎಳೆತ, ಹಳ್ಳದ ಹೊಡೆತ ಎಲ್ಲ ಹಾದುಹೋಗುವುದು ಹೆಬ್ಬೆರಳಿಗಿಂತ ಸ್ವಲ್ಪ ದಪ್ಪವಾದ ಆ ತುದಿಯ ಮೂಲಕ. ನಮ್ಮದು ಅಲ್ಲೇ ಮುರಿದಿತ್ತು. ಮುರಿದ ಮುಖದ ಮುಕ್ಕಾಲು ಭಾಗ ಕಂದು ಬಣ್ಣಕ್ಕಿತ್ತು, ಅಂದರೆ ಬಹಳ ಹಿಂದೆಯೇ ತುಕ್ಕು ತಿಂದು ಬಿರಿದದ್ದು. ಕಾಲು ಭಾಗ ಮಾತ್ರ ಹೊಸ ಮುರಿತದ ಬೆಳ್ಳಿ ಬಣ್ಣ. ಇಷ್ಟು ದಿನ ನಾವು ಆ ಕಾಲು ಭಾಗದ ಮೇಲೆ ಓಡಾಡುತ್ತಿದ್ದೆವು.

‘ಇದಕ್ಕೆ ಏನು ಹಾಕುತ್ತಿದ್ದಿರಿ ಮಿಯಾ?’ ಉಸ್ತಾದರು ಕೇಳಿದರು.

‘ಗ್ರೀಸು. ಪ್ರತಿವರ್ಷ’ ಎಂದರು ಭಾಯಿಜಾನ್.

ಉಸ್ತಾದರು ಏನೂ ಹೇಳಲಿಲ್ಲ. ಒಂದು ಮೊಳೆ ತೆಗೆದುಕೊಂಡು ಹಿತ್ತಾಳೆಯ ಗಟ್ಟಿಯ ಒಳಗಿನಿಂದ ಸ್ವಲ್ಪ ಕೆರೆದು ಕಾಗದದ ಮೇಲಿಟ್ಟರು. ಒಣಗಿದ ಮೇಣದಂಥ, ತುಕ್ಕು ಬೆರೆತ ಉಂಡೆ. ‘ಇದು ಎಣ್ಣೆ ಕುಡಿಯುವ ಜಾಗ. ಗೇರ್ ಎಣ್ಣೆ, ತೊಂಬತ್ತು ನಂಬರಿಂದು. ಗ್ರೀಸು ಥ್ರೆಡ್ಡಿನ ಕೆಳಗಿನ ತನಕ ಇಳಿಯುವುದಿಲ್ಲ. ಮೇಲೆ ಗಟ್ಟಿಯಾಗಿ ಕೂತುಬಿಡುತ್ತದೆ. ಕೆಳಗೆ ನೀರು ನಿಲ್ಲುತ್ತದೆ. ನೀರು ತನ್ನ ಕೆಲಸ ಮಾಡುತ್ತದೆ.’

ಶೆಡ್ಡಿನಲ್ಲಿ ರೇಡಿಯೊ ಹಾಡುತ್ತಿತ್ತು. ಭಾಯಿಜಾನರ ಮುಖ ನೋಡುವ ಧೈರ್ಯ ನಮಗಿರಲಿಲ್ಲ.

ಅಬ್ಬಾ ಬಳಿ ಗನ್ನುಗಳು ಎರಡಿದ್ದವು. ಒಂದು ಕಪ್ಪು, ಒಂದು ಕೆಂಪು. ಕೆಂಪಿನದರ ತುದಿಯಿಂದ ಯಾವಾಗಲೂ ಎಣ್ಣೆ ಜಿನುಗುತ್ತಿತ್ತು. ಅದು ಕೆಟ್ಟಿದೆ ಎಂದುಕೊಂಡಿದ್ದೆವು. ಅಬ್ಬಾ ತೀರಿಕೊಂಡ ವರ್ಷ ಭಾಯಿಜಾನರೇ ಅದನ್ನು ಬಿಚ್ಚಿ, ಒಳಗಿದ್ದ ಎಣ್ಣೆ ಚೆಲ್ಲಿ, ಒರೆಸಿ, ಒಳ್ಳೆಯ ಗ್ರೀಸು ತುಂಬಿ ‘ಸರಿಮಾಡಿದ್ದರು’. ಗ್ರೀಸ್ ಗನ್ನಿನಲ್ಲಿ ಗ್ರೀಸಲ್ಲದೆ ಇನ್ನೇನಿರಬೇಕು? ಗ್ರೀಸಿನ ನಿಪ್ಪಲ್ಲಿಗೆ ಗ್ರೀಸಲ್ಲದೆ ಇನ್ನೇನು? ತಪ್ಪೆಂದರೆ, ಎಣ್ಣೆ ಬೇಕಾದ ಕಡೆ ಗ್ರೀಸಿನ ನಿಪ್ಪಲ್ಲು ಇಟ್ಟವರದು ಎಂದು ಉಸ್ತಾದರೇ ಆಮೇಲೆ ಹೇಳಿದರು. ಇಂಗ್ಲೆಂಡಿನಲ್ಲೂ ಗ್ಯಾರೇಜಿನವರು ಇದೇ ತಪ್ಪು ಮಾಡಿ ಸಾವಿರಾರು ಹೆರಾಲ್ಡು, ಸ್ಪಿಟ್‌ಫೈರುಗಳ ಮುಂಗಾಲು ಮುರಿದಿದ್ದಾರಂತೆ. ಕಾರಿನ ಕೈಪಿಡಿಯಲ್ಲಿ ಎಣ್ಣೆ ಎಂದೇ ಇದೆ. ಆದರೆ ಕೈಪಿಡಿಯ ಆ ಪುಟ ನಮ್ಮ ಪ್ರತಿಯಲ್ಲಿ ಗೆದ್ದಲು ತಿಂದಿತ್ತು. ಅಬ್ಬಾಗೆ ಅದು ಬಾಯಿಪಾಠ, ಬರೆದಿಟ್ಟವರಲ್ಲ. ಮೈಕೋದಲ್ಲಿ ಪ್ರತಿಯೊಂದು ಅಳತೆಯನ್ನೂ ಚೀಟಿಯಲ್ಲಿ ಬರೆಯುತ್ತಿದ್ದ ಮನುಷ್ಯ ಮನೆಯಲ್ಲಿ ಒಂದು ಸಾಲೂ ಬರೆಯಲಿಲ್ಲವಲ್ಲ ಎಂದು ನಮಗೆ ಈಗಲೂ ಸಣ್ಣ ಸಿಟ್ಟಿದೆ.

ಆ ರಾತ್ರಿ ಭಾಯಿಜಾನ್ ಊಟಕ್ಕೆ ಬರಲಿಲ್ಲ. ಮರುದಿನ ಕಾರನ್ನು ಮಾರಿಬಿಡೋಣ ಎಂದರು. ಶಿವಾಜಿನಗರದ ಗುಜರಿಯವರು ನಲವತ್ತು ಸಾವಿರ ಹೇಳಿದರು. ಜೆ.ಪಿ.ನಗರದ ಒಬ್ಬ ಸಂಗ್ರಹಕಾರರು ಸೂರು ಇದ್ದರೆ ಮೂರು ಲಕ್ಷ ಕೊಡುವೆವೆಂದರು. ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ಕೊಡುವ ಕೇಂದ್ರ ಸರಕಾರದ ನಿಯಮ 2021ರಲ್ಲಿ ಬಂತಲ್ಲ, ಇಪ್ಪತ್ತು ಸಾವಿರ ಶುಲ್ಕ, ‘ವಿ.ಎ.’ ಅಕ್ಷರದ ಫಲಕ. ಅದಕ್ಕೆ ಗಾಡಿ ಮೂಲ ರೂಪದಲ್ಲಿರಬೇಕು. ಸೂರು ಜಮಖಾನೆಯೊಳಗೆ ಭದ್ರವಾಗಿತ್ತು. ಬಿಚ್ಚಿದ್ದನ್ನು ಎಸೆಯದ ಅಬ್ಬಾ ಬುದ್ಧಿಗೆ ಅಂದು ಬೆಲೆ ಬಂತು. ಆದರೆ ಆ ಫಲಕ ಬಂದರೆ ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ, ರ‍್ಯಾಲಿಗಳಿಗಷ್ಟೇ.

ಅಮ್ಮಿಗೆ ನಾವು ನಿಜ ಹೇಳಿರಲಿಲ್ಲ. ಮಾರುವ ಮಾತು ಹೇಗೋ ಅವರ ಕಿವಿಗೆ ಬಿತ್ತು. ‘ಒಂದು ಪಂಕ್ಚರಿಗೆ ಯಾರಾದರೂ ಗಾಡಿ ಮಾರುತ್ತಾರೇನ್ರೋ?’ ಎಂದರು. ಆಪಾ ಅಡುಗೆಮನೆಗೆ ಹೋಗಿ ಅತ್ತಳು, ಹೊರಗೆ ಬಂದು ‘ರಿಪೇರಿ ಮಾಡಿಸೋಣ, ಹಣದಲ್ಲಿ ನನ್ನದೊಂದು ಪಾಲು’ ಎಂದಳು. ಅವಳು ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟು ಮೂವರು ಮಕ್ಕಳನ್ನು ಓದಿಸಿದವಳು. ಅವಳ ಮಾತಿಗೆ ಮನೆಯಲ್ಲಿ ಎದುರಿಲ್ಲ.

ಒಂದು ಕಾಲು ಮುರಿದರೆ ಇನ್ನೊಂದನ್ನು ನಂಬುವಂತಿಲ್ಲ ಎಂದು ಉಸ್ತಾದರು ಎಲ್ಲವನ್ನೂ ಬಿಚ್ಚಿದರು. ನಾಲ್ಕು ಮೂಲೆಗಳನ್ನೂ ಒತ್ತಿ ತೋರಿಸಿದರು. ಒತ್ತಿ ಬಿಟ್ಟಾಗ ಗಾಡಿ ಒಮ್ಮೆ ಮೇಲೆದ್ದು ಸುಮ್ಮನಾಗಬೇಕು. ನಮ್ಮದು ಮದುವೆ ಮನೆಯ ಕುದುರೆಯಂತೆ ಮೂರು ನಾಲ್ಕು ಸಲ ಕುಣಿಯುತ್ತಿತ್ತು. ನಮ್ಮ ಗ್ಯಾರೇಜುಗಳಲ್ಲಿ ‘ಶಾಕಬ್ಸರ್’ ಎನ್ನುತ್ತೇವೆ, ಆದರೆ ಹೆಸರೇ ತಪ್ಪು. ಹೊಡೆತ ನುಂಗುವುದು ಸ್ಪ್ರಿಂಗು. ನುಂಗಿದ ಮೇಲೆ ಅದು ಕುಣಿಯತೊಡಗುತ್ತದೆ. ಆ ಕುಣಿತವನ್ನು ಹಿಡಿದು ಕೂರಿಸುವುದು ಶಾಕಬ್ಸರ್. ಕೊಳವೆಯೊಳಗಿನ ಎಣ್ಣೆಯನ್ನು ಪಿಸ್ಟನ್ನಿನ ಸಣ್ಣ ತೂತುಗಳಿಂದ ಹಿಂಡಿಸಿ, ಕುಣಿತವನ್ನು ಬಿಸಿಯಾಗಿಸಿ ಗಾಳಿಗೆ ಬಿಟ್ಟುಬಿಡುತ್ತದೆ. ನಮ್ಮ ನಾಲ್ಕರಲ್ಲಿ ಮೂರರ ಎಣ್ಣೆ ಸೋರಿ ಹೊರಮೈ ಧೂಳು ಮೆತ್ತಿಕೊಂಡಿತ್ತು. ಅಬ್ಬಾ ಕೊನೆಯ ಬಾರಿ ಹಾಕಿಸಿದ್ದು ಗೇಬ್ರಿಯಲ್ ಕಂಪೆನಿಯವು, ಪಕ್ಕದ ಹೊಸೂರಿನಲ್ಲೇ ಅವರ ಕಾರ್ಖಾನೆಯಿದೆ. ‘ನಮ್ಮ ಗಾಡಿ ಫರಿಶ್ತೆಯ ಹೆಗಲ ಮೇಲಿದೆ’ ಎಂದು ಅವರು ತಮಾಷೆ ಮಾಡುತ್ತಿದ್ದರು. ಅಮೆರಿಕದಲ್ಲಿ ಆ ಕಂಪೆನಿ ಶುರುವಾದದ್ದು ಕಾರಿನ ಹಾರ್ನು ಮಾಡುವುದಕ್ಕಂತೆ. ಕ್ರೈಸ್ತರಲ್ಲಿ ಕಹಳೆ ಊದುವವರು ಗೇಬ್ರಿಯಲ್, ಅದಕ್ಕೇ ಆ ಹೆಸರು. ನಮ್ಮಲ್ಲಿ ಕಹಳೆಯ ಕೆಲಸ ಇಸ್ರಾಫೀಲರದು. ಇರಲಿ.

ಸಾಮಾನಿಗಾಗಿ ಮೊದಲು ಜೆ.ಸಿ.ರಸ್ತೆ ಸುತ್ತಿದೆವು. ಹಳೆಯ ಅಂಗಡಿಯವರು ಹೆರಾಲ್ಡ್ ಎಂದ ತಕ್ಷಣ ನಗುತ್ತಾರೆ, ಕೂರಿಸಿ ಟೀ ಕೊಡುತ್ತಾರೆ, ಸಾಮಾನು ಮಾತ್ರ ಇಲ್ಲ. ಗುಜರಿಯಲ್ಲಿ ಒಂದು ಕಂಬ ಸಿಕ್ಕಿತು. ಅದೂ ತುಕ್ಕು ತಿಂದದ್ದೇ. ಕೊನೆಗೆ ಆಪಾಳ ಮಗ ಫೋನಿನಲ್ಲಿ ಹುಡುಕಿ ಇಂಗ್ಲೆಂಡಿನಿಂದ ತರಿಸಿದ. ತಮ್ಮ ಸ್ಪಿಟ್‌ಫೈರು ಅಣ್ಣನ ಕೈ ಹಿಡಿದದ್ದು ಇಲ್ಲಿ. 1980ರವರೆಗೆ ತಯಾರಾದ ಆ ಕಾರನ್ನು ಇಟ್ಟುಕೊಂಡವರು ಅಲ್ಲಿ ಇನ್ನೂ ಬೇಕಾದಷ್ಟಿದ್ದಾರೆ, ಅವರಿಗಾಗಿ ಹೊಸ ಕಂಬ, ಟ್ರನಿಯನ್, ಬುಷ್ ಎಲ್ಲ ಇಂದಿಗೂ ತಯಾರಾಗುತ್ತವೆ. ಮದರಾಸಿನಲ್ಲಿ ಹುಟ್ಟಿದ ನಮ್ಮ ಗಾಡಿಗೆ ಮದರಾಸಿನಲ್ಲಿ ಏನೂ ಉಳಿದಿಲ್ಲ. ಹೆರಾಲ್ಡಿನ ನಂತರ ಗಜೆಲ್, ಅದರ ನಂತರ ಸ್ಟ್ಯಾಂಡರ್ಡ್ 2000 ಎಂದು ಬಂದು, ಎಂಬತ್ತರ ದಶಕದ ಕೊನೆಗೆ ಆ ಕಾರ್ಖಾನೆಯೇ ಮುಚ್ಚಿತು. ಕಸ್ಟಮ್ಸ್ ಸುಂಕ ಸೇರಿದಾಗ ಸಾಮಾನಿನ ಬಿಲ್ಲು ಗುಜರಿಯವರು ಕಾರಿಗೆ ಹೇಳಿದ ಬೆಲೆಯ ಎರಡರಷ್ಟಾಯಿತು. ಅದನ್ನು ಅಮ್ಮಿಗೆ ಹೇಳಲಿಲ್ಲ.

ಮುಂದಿನ ಸ್ಪ್ರಿಂಗೂ ಶಾಕೂ ಒಂದರೊಳಗೊಂದು. ಮೇಲೆ ಮೂರು ನಟ್ಟು, ಕೆಳಗೆ ಒಂದು ಉದ್ದ ಬೋಲ್ಟು ಬಿಚ್ಚಿದರೆ ಇಡಿಯಾಗಿ ಕೈಗೆ ಬರುತ್ತದೆ. ಬಂದ ಮೇಲೆ ಅಪಾಯ. ಒಳಗಿನ ಸ್ಪ್ರಿಂಗು ಅದುಮಿಕೊಂಡು ಕೂತಿರುತ್ತದೆ, ಹಿಡಿಗೊಕ್ಕೆ ಹಾಕಿ ಇನ್ನಷ್ಟು ಅದುಮಿಯೇ ಮೇಲಿನ ನಟ್ಟು ತೆಗೆಯಬೇಕು. ಉಸ್ತಾದರು ಹುಡುಗರನ್ನೆಲ್ಲ ಹೊರಗೆ ಕಳಿಸಿ, ಗೋಡೆಯ ಕಡೆ ಮುಖಮಾಡಿ ಇಟ್ಟುಕೊಂಡು ತಾವೇ ಬಿಚ್ಚಿದರು. ಅವರ ಎಡಗೈಯ ಎರಡು ಬೆರಳು ಗಿಡ್ಡ ಯಾಕೆಂದು ನಾವು ಚಿಕ್ಕಂದಿನಿಂದ ಕೇಳಬೇಕೆಂದಿದ್ದೆವು. ಅಂದು ಕೇಳುವ ಅಗತ್ಯ ಬೀಳಲಿಲ್ಲ.

ಹಿಂಭಾಗದ ಕತೆ ಬೇರೆ. ಲಾರಿಯ ಕಮಾನ್ ಪಟ್ಟಿ ಗಾಡಿಯ ಉದ್ದಕ್ಕಿದ್ದರೆ ಹೆರಾಲ್ಡಿನದು ಅಡ್ಡಕ್ಕೆ, ಡಿಫರೆನ್ಷಿಯಲ್ಲಿನ ನೆತ್ತಿಯ ಮೇಲೆ. ಅದರ ಎರಡು ತುದಿಗೆ ಎರಡು ಚಕ್ರ. ಆಕ್ಸಲ್ಲು ಹಕ್ಕಿಯ ರೆಕ್ಕೆಯಂತೆ ನಡುವಿನಿಂದ ಮೇಲೆ ಕೆಳಗೆ ಆಡುತ್ತದೆ. ಹಾಯಾಗಿ ಕೂತು ಹೋಗುವವರಿಗೆ ಅದು ಸುಖ. ಆದರೆ ತಿರುವಿನಲ್ಲಿ ಜೋರಾಗಿ ಹೋಗುತ್ತಿರುವಾಗ ಹೆದರಿ ತಟ್ಟನೆ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಿಂಭಾಗ ಮೇಲೇಳುತ್ತದೆ, ರೆಕ್ಕೆ ಕೆಳಗೆ ಮಡಚುತ್ತದೆ, ಚಕ್ರ ಗಾಡಿಯ ಹೊಟ್ಟೆಯ ಕೆಳಗೆ ನುಸುಳುತ್ತದೆ, ಗಾಡಿ ತಿರುಗಿ ಬೀಳುತ್ತದೆ. ಟ್ರಯಂಫಿನವರು ಸ್ಪಿಟ್‌ಫೈರಿಗೆ ಇದನ್ನು ಸರಿಪಡಿಸಿದ್ದು 1970ರಲ್ಲಿ. ನಮ್ಮವರು ಗಜೆಲ್ಲಿನಲ್ಲಿ ಆ ರೆಕ್ಕೆಯನ್ನೇ ಕೈಬಿಟ್ಟರು. ‘ತಿರುವಿನಲ್ಲಿ ಕಾಲು ತೆಗೆಯಬಾರದು, ತಿರುವಿಗೆ ಮುಂಚೆ ತೆಗೆ’ ಎಂದು ಅಬ್ಬಾ ನಮಗೆ ಕಲಿಸಿದ್ದು ಇದಕ್ಕೇ. ಕಾರು ಕಲಿಸುವಾಗ ಅವರು ಬೈದದ್ದು ಅದೊಂದಕ್ಕೆ ಮಾತ್ರ.

ಐವತ್ತೆಂಟು ವರ್ಷದ ಪಟ್ಟಿ ಕುಗ್ಗಿ ಚಪ್ಪಟೆಯಾಗಿತ್ತು. ಮೈಸೂರು ರಸ್ತೆಯ ಕಡೆ ಲಾರಿ ಕಮಾನು ಬಗ್ಗಿಸುವ ಕುಲುಮೆಗೆ ಒಯ್ದೆವು. ಅಲ್ಲಿನವರು ಹೊಸದರಂತೆ ಬಗ್ಗಿಸಿ ಕೊಡುತ್ತೇವೆಂದರು. ಉಸ್ತಾದರು ಬೇಡವೆಂದರು. ಪಟ್ಟಿ ಪೂರ್ತಿ ಮೇಲೆದ್ದರೆ ಚಕ್ರಗಳ ನೆತ್ತಿ ಹೊರಕ್ಕೆ ವಾಲುತ್ತದೆ, ಆಗಲೇ ಅದು ಒಳಗೆ ನುಸುಳಲು ತಯಾರಾದ ಹಾಗೆ. ಸ್ವಲ್ಪ ಕುಗ್ಗಿದ್ದರೆ ಚಕ್ರಗಳು ಕಾಲಗಲಿಸಿ ನಿಲ್ಲುತ್ತವೆ, ನೋಡಲು ಚೆಂದವಲ್ಲ, ಆದರೆ ಬೀಳುವುದಿಲ್ಲ. ಕುಲುಮೆಯವನಿಗೂ ಅವರಿಗೂ ಒಂದು ಬೆರಳಿನ ಎತ್ತರಕ್ಕೆ ಅರ್ಧ ಗಂಟೆ ಜಗಳ. ಹೊಸದು ಮಾಡುವುದೇ ರಿಪೇರಿ ಎಂದುಕೊಂಡಿದ್ದ ನಮಗೆ ಅದು ಹೊಸ ಪಾಠ. ಕೊನೆಗೆ ಉಸ್ತಾದರ ಅಳತೆಗೇ ಆಯಿತು.

ಮಾರ್ಚಿ ಕಳೆದು ಏಪ್ರಿಲ್ ಬಂತು, ರಂಜಾನ್ ನಡೆದಿತ್ತು. ಉಪವಾಸವಿದ್ದುಕೊಂಡೇ ಉಸ್ತಾದರು ಎಲ್ಲ ಜೋಡಿಸಿದರು. ಒಂದು ಮಧ್ಯಾಹ್ನ ಫೋನು ಬಂತು: ‘ಮನೆಯವರೆಲ್ಲ ಬನ್ನಿ, ಭಾಭಿಜಾನರನ್ನೂ ಕರೆತನ್ನಿ.’ ಏನಾಯಿತೋ ಎಂದು ಓಡಿದೆವು. ಕಾರು ಗುಂಡಿಯ ಮೇಲೆ ನಾಲ್ಕು ಚಕ್ರವೂರಿ ನಿಂತಿತ್ತು. ನಮ್ಮನ್ನು ಒಳಗೆ ಕೂರಿಸಿ ಉಸ್ತಾದರು ಗುಂಡಿಗೆ ಇಳಿದರು. ರಬ್ಬರ್ ಬುಷ್ಷುಗಳ ಬೋಲ್ಟನ್ನು ಗಾಡಿ ಗಾಳಿಯಲ್ಲಿ ನೇತಾಡುವಾಗ ಬಿಗಿ ಮಾಡಬಾರದಂತೆ. ಹಾಗೆ ಮಾಡಿದರೆ ಗಾಡಿ ನೆಲಕ್ಕಿಳಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಇದ್ದು ಬೇಗ ಹರಿದುಹೋಗುತ್ತದೆ. ಜನ ಕೂತ ಭಾರದಲ್ಲಿಯೇ ಬಿಗಿಯಬೇಕು. ಮರಳಿನ ಮೂಟೆ ಇಟ್ಟರೂ ಆಗುತ್ತದೆ, ಆದರೆ ‘ಕೂರುವವರೇ ಇರುವಾಗ ಮೂಟೆ ಯಾಕೆ?’

ಹೀಗೆ ನಾವು ಮುಕ್ಕಾಲು ಗಂಟೆ ಹೊರಡದ ಕಾರಿನಲ್ಲಿ ಕೂತೆವು. ಅಮ್ಮಿ ಮುಂದೆ, ಎಡಗಡೆ. ನಾವಿಬ್ಬರು ಹಿಂದೆ. ಸ್ಟಿಯರಿಂಗಿನ ಸೀಟಿನಲ್ಲಿ ಕೂರಲು ಭಾಯಿಜಾನ್ ಒಪ್ಪಲಿಲ್ಲ. ಐದು ತಿಂಗಳಿಂದ ಅವರು ಯಾವ ಗಾಡಿಯನ್ನೂ ಓಡಿಸಿರಲಿಲ್ಲ, ಆಟೊದಲ್ಲೇ ಓಡಾಡುತ್ತಿದ್ದರು. ಗುಂಡಿಯೊಳಗಿನಿಂದ ಉಸ್ತಾದರ ದನಿ ಬಂತು: ‘ಬಲಗಡೆ ಭಾರ ಕಡಮೆ ಇದೆ ಮಿಯಾ. ಗಾಡಿ ಓಡಿಸಲು ಹೇಳುತ್ತಿಲ್ಲ. ಕೂತುಕೊಳ್ಳಿ.’ ಅವರು ಕೂತರು. ಕೈಗಳನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು. ಕೆಳಗೆ ಒಂದೊಂದೇ ಬೋಲ್ಟು ಬಿಗಿಯಾಗುವ ಕಿರ್ ಕಿರ್ ಸದ್ದು ನಮ್ಮ ಪಾದಕ್ಕೆ ತಾಗುತ್ತಿತ್ತು. ‘ಈ ಪಂಕ್ಚರಿಗೆ ಇಷ್ಟು ದಿನ ಬೇಕಾಯಿತಾ?’ ಎಂದರು ಅಮ್ಮಿ. ಆಗ ಭಾಯಿಜಾನ್ ಮುಂದಿನ ಗಾಜನ್ನೇ ನೋಡುತ್ತ ಎಲ್ಲವನ್ನೂ ಹೇಳಿಬಿಟ್ಟರು. ಕಂಬ, ತುಕ್ಕು, ಗ್ರೀಸು, ಕೆಂಪು ಗನ್ನು, ಕನಕಪುರ ರಸ್ತೆ. ಅಮ್ಮಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ‘ಆ ಕೆಂಪು ಗನ್ನು ಸೋರಿ ಸೋರಿ ನನ್ನ ಎಷ್ಟು ಚಾದರ ಹಾಳಾಗಿದೆ ಗೊತ್ತಾ? ನಿಮ್ಮ ಅಬ್ಬಾಗೆ ಅದನ್ನು ಸರಿಮಾಡಿಸಿ ಎಂದು ಇಪ್ಪತ್ತು ವರ್ಷ ಹೇಳಿದೆ. ನೀನು ಸರಿಮಾಡಿದೆ ಎಂದು ನಾನೇ ಖುಷಿಪಟ್ಟಿದ್ದೆ’ ಎಂದರು.

ಗುಂಡಿಯೊಳಗಿನ ಸದ್ದು ಸ್ವಲ್ಪ ಹೊತ್ತು ನಿಂತಿತ್ತು, ಮತ್ತೆ ಶುರುವಾಯಿತು.

ಉಸ್ತಾದರಿಗೆ ಮಗನಿದ್ದಾನೆ, ಹೊಸೂರು ರಸ್ತೆಯ ಒಂದು ಶೋರೂಮಿನಲ್ಲಿ ಕಂಪ್ಯೂಟರ್ ಚುಚ್ಚಿ ಗಾಡಿಯ ರೋಗ ಹೇಳುತ್ತಾನೆ. ಒಳ್ಳೆಯ ಸಂಬಳ, ಪಿ.ಎಫ್., ಅಂಗೈ ಬೆಳ್ಳಗೆ. ಶೆಡ್ಡಿಗೆ ಬರುವುದಿಲ್ಲ. ಉಸ್ತಾದರಿಗೂ ಬರಲಿ ಎಂಬ ಆಸೆಯಿಲ್ಲ. ಶೆಡ್ಡಿನ ಜಾಗದ ಮಾಲೀಕರು ಪಿ.ಜಿ. ಕಟ್ಟಬೇಕೆಂದಿದ್ದಾರೆ. ರಾಗಿಗುಡ್ಡದಿಂದ ಬಿ.ಟಿ.ಎಂ. ಕಡೆಗೆ 2025ರ ಆಗಸ್ಟಿನಿಂದ ಹಳದಿ ಮೆಟ್ರೊ ಓಡತೊಡಗಿದ ಮೇಲೆ ಸುತ್ತಲಿನ ಬಾಡಿಗೆಯ ಮಾತೇ ಬೇಡ. ಕೆಂಪು ಗನ್ನಿನ ಮೇಲೆ ಅವರೇ ಬಿಳಿ ಬಣ್ಣದಲ್ಲಿ, ನಡುಗುವ ಕೈಯಲ್ಲಿ, ‘ತೇಲ್’ ಎಂದು ಉರ್ದುವಿನಲ್ಲಿ ಬರೆದರು. ಕೆಳಗೆ ‘ಎಣ್ಣೆ’ ಎಂದು ಕನ್ನಡದಲ್ಲಿ ಆಪಾ ಬರೆದಳು. ಅವಳ ಮಕ್ಕಳಿಗೆ ಉರ್ದು ಓದಲು ಬರುವುದಿಲ್ಲ.

2024ರ ಏಪ್ರಿಲ್ 10, ಚಾಂದ್ ರಾತ್. ಭಾಯಿಜಾನ್ ಹಳೆಯ ಲುಂಗಿ ಉಟ್ಟು ಕಾರಿನ ಕೆಳಗೆ ಹೋದರು. ಟಾರ್ಚು ಹಿಡಿದುಕೊಂಡು ನಾವೂ ಹೋದೆವು. ಎಣ್ಣೆ ಗ್ರೀಸಿನಂತೆ ಉಬ್ಬಿ ನಿಲ್ಲುವುದಿಲ್ಲ, ತುಂಬಿದ ಮೇಲೆ ತೆಳ್ಳಗೆ ಜಾರಿ ಮೊಣಕೈಗೆ ಇಳಿಯುತ್ತದೆ. ಮರುದಿನ ಈದ್. ಮಧ್ಯಾಹ್ನದ ಊಟವಾದ ಮೇಲೆ ಅಮ್ಮಿ ತಂಗಿಯ ಮನೆಗೆ ಹೊರಟು ನಿಂತರು. ಕಾರಿನಲ್ಲಿ ಕೂತು, ಬುರ್ಖಾ ಸರಿಮಾಡಿಕೊಂಡು, ಬೀಗದ ಕೈಯನ್ನು ಬಲಗಡೆಯ ಸೀಟಿನ ಮೇಲಿಟ್ಟರು. ಬೇರೆ ಯಾರು ಕೂರಲು ಹೋದರೂ ಕೈ ಅಡ್ಡ ಹಿಡಿದರು. ಏಪ್ರಿಲ್ಲಿನ ಬಿಸಿಲು, ಮೇಲೆ ಸೂರಿಲ್ಲ. ಹತ್ತು ನಿಮಿಷ ನೋಡಿ ಭಾಯಿಜಾನ್ ಬಂದರು.

ಅದೇ ರಸ್ತೆ, ಅದೇ ಉಬ್ಬು. ಅದರ ಮುಂದೆ ಅವರು ಗಾಡಿ ನಿಲ್ಲಿಸಿ, ಇಳಿದು, ಎಡಗಡೆಯ ಚಕ್ರದ ಹಿಂದೆ ಬಗ್ಗಿ ನೋಡಿದರು. ಬಲಗಡೆಗೂ ಹೋಗಿ ನೋಡಿದರು. ಹಿಂದೆ ಒಂದು ಆಟೊ ಹಾರ್ನು ಹೊಡೆಯಿತು. ‘ಏನ್ ಸಾರ್, ಹಬ್ಬದ ದಿನ ಕಾರಿಗೂ ಸಲಾಮಾ?’ ಎಂದ ಆಟೊದವ. ಭಾಯಿಜಾನ್ ಹತ್ತಿ ಕೂತರು. ಗಾಡಿ ಏರಿತು, ಇಳಿಯಿತು, ಒಮ್ಮೆ ಮೇಲೆದ್ದು ಸುಮ್ಮನಾಯಿತು.

‘ಆ ಹಂಪು ಬಂತಾ?’ ಅಮ್ಮಿ ಕೇಳಿದರು.

‘ಹೋಯಿತು ಅಮ್ಮಿ.’